ಚಾಕೊಲೇಟ್ ಬೆಲ್ಟ್ ಮುಂದೆ ನಿಂತ ಆ ಹೆಂಗಸು ಯಾರು?

ಪ್ರಶ್ನೆ: ಮೊಬೈಲಿನಲ್ಲಿ ಆಗಾಗ ಒಂದು ಹಳೆಯ ಕಪ್ಪುಬಿಳುಪು ಕ್ಲಿಪ್ ಬರುತ್ತದೆ. ಇಬ್ಬರು ಹೆಂಗಸರು ಚಾಕೊಲೇಟ್ ಫ್ಯಾಕ್ಟರಿಯ ಬೆಲ್ಟ್ ಮುಂದೆ ನಿಂತು ಒದ್ದಾಡುತ್ತಾರೆ. ಅವರಲ್ಲಿ ದೊಡ್ಡ ಕಣ್ಣಿನವಳು ಹಾಲಿವುಡ್ ನಟಿ ಲೂಸಿಲ್ ಬಾಲ್ ಅಂತ ಗೊತ್ತಾಯಿತು. ಆದರೆ ಆ ಕಾಲದ ದೊಡ್ಡ ಸಿನಿಮಾಗಳ ಪಟ್ಟಿಯಲ್ಲಿ ಆಕೆಯ ಹೆಸರೇ ಕಾಣುವುದಿಲ್ಲ. ಸಿನಿಮಾದಲ್ಲಿ ಸೋತು ಟಿವಿಗೆ ಬಂದವಳಾ? ಬಾಹ್ಯಾಕಾಶದ ಕಥೆಯ ಟಿವಿ ಸರಣಿ ‘ಸ್ಟಾರ್ ಟ್ರೆಕ್’ ಆಕೆಯಿಂದಲೇ ಬಂತು ಅಂತಾರಲ್ಲ, ಅದು ನಿಜವೇ?

ಉತ್ತರ: ಸೋತು ಬಂದವಳು ಅನ್ನೋದು ಅರ್ಧ ನಿಜ. ಹದಿನೇಳು ಹದಿನೆಂಟು ವರ್ಷ ಹಾಲಿವುಡ್‌ನಲ್ಲಿ ದುಡಿದಳು, ಹತ್ತಾರು ಸಿನಿಮಾ ಮಾಡಿದಳು, ಸಂಬಳ ಚೆನ್ನಾಗಿಯೇ ಬರುತ್ತಿತ್ತು. ಆದರೆ ಆಕೆಯನ್ನು ಏನು ಮಾಡಬೇಕು ಅಂತ ಯಾವ ಸ್ಟುಡಿಯೋಗೂ ಗೊತ್ತಾಗಲಿಲ್ಲ. ನೋಡಲು ಚೆನ್ನಾಗಿದ್ದಾಳೆ, ಎತ್ತರ ಇದ್ದಾಳೆ, ಕಾಲು ಉದ್ದ, ಹಾಗಾದರೆ ಒಳ್ಳೆ ಬಟ್ಟೆ ಹಾಕಿಸಿ ನಿಲ್ಲಿಸೋಣ ಅಂತ ನಿಲ್ಲಿಸಿದರು. ಆಕೆಯ ನಿಜವಾದ ಶಕ್ತಿ ಇದ್ದದ್ದು ನಿಲ್ಲುವುದರಲ್ಲಲ್ಲ, ಬೀಳುವುದರಲ್ಲಿ. ಅದನ್ನು ಕಂಡುಕೊಂಡದ್ದು ಟಿವಿ.

ಲೂಸಿಲ್ ಹುಟ್ಟಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ. ನ್ಯೂಯಾರ್ಕ್ ಅಂದ ಕೂಡಲೇ ಆ ಮಹಾನಗರ ಅಂದುಕೊಳ್ಳಬೇಡಿ. ಇದು ರಾಜ್ಯದ ಪಶ್ಚಿಮ ಮೂಲೆಯಲ್ಲಿರುವ ಸಣ್ಣ ಊರು, ಕುರ್ಚಿ ಮೇಜು ಮಾಡುವ ಕಾರ್ಖಾನೆಗಳ ಊರು. ಅಪ್ಪ ಟೆಲಿಫೋನ್ ಕಂಪನಿಯಲ್ಲಿ ಲೈನ್‌ಮ್ಯಾನ್. ಮಗಳಿಗೆ ಮೂರು ವರ್ಷ ಆಗಿದ್ದಾಗ ಟೈಫಾಯ್ಡ್ ಬಂದು ತೀರಿಕೊಂಡ. ತಾಯಿ ಆಗ ಬಸುರಿ, ತಮ್ಮ ಇನ್ನೂ ಹೊಟ್ಟೆಯಲ್ಲಿದ್ದ. ಮುಂದೆ ಪಕ್ಕದ ಸೆಲರಾನ್ ಎಂಬ ಊರಿನಲ್ಲಿ ತಾಯಿಯ ಅಪ್ಪ ಅಮ್ಮನ ಮನೆಯಲ್ಲಿ ಬೆಳೆದಳು. ಅಜ್ಜ ಸಮಾಜವಾದಿ, ಮೊಮ್ಮಕ್ಕಳನ್ನು ಕಂಡರೆ ಪ್ರಾಣ, ಅವರನ್ನು ನಾಟಕ ಹಾಸ್ಯ ನೋಡಲು ಕರೆದುಕೊಂಡು ಹೋಗುತ್ತಿದ್ದ. 1927ರಲ್ಲಿ ಆ ಮನೆಯ ಅಂಗಳದಲ್ಲಿ ಮಕ್ಕಳಿಗೆ ಬಂದೂಕಿನಿಂದ ಗುರಿ ಹೊಡೆಯುವುದನ್ನು ಹೇಳಿಕೊಡುವಾಗ ಗುಂಡು ತಗುಲಿ ನೆರೆಮನೆಯ ಹುಡುಗನೊಬ್ಬ ಶಾಶ್ವತವಾಗಿ ಹಾಸಿಗೆ ಹಿಡಿದ. ಕೋರ್ಟು ಕೇಸು ಆಯಿತು, ಮನೆ ಕೈಬಿಟ್ಟಿತು. ಈ ಅಜ್ಜನನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ಸಲ ಬರುತ್ತಾನೆ.

ಹದಿನೈದರ ಹುಡುಗಿ ನ್ಯೂಯಾರ್ಕ್ ನಗರದ ನಾಟಕ ಶಾಲೆ ಸೇರಿದಳು. ಮುಂದೆ ದೊಡ್ಡ ಸಿನಿಮಾ ತಾರೆಯಾದ ಬೆಟ್ಟಿ ಡೇವಿಸ್ ಅಲ್ಲೇ ಓದುತ್ತಿದ್ದಳು, ಎಲ್ಲರ ಮೆಚ್ಚಿನ ವಿದ್ಯಾರ್ಥಿನಿ. ಲೂಸಿಲ್‌ಗೆ ಬಾಯಿಂದ ಮಾತೇ ಬರುತ್ತಿರಲಿಲ್ಲ. ಇವಳಿಗೆ ದುಡ್ಡು ಕಟ್ಟುವುದು ದಂಡ ಅಂತ ಶಾಲೆಯವರು ತಾಯಿಗೆ ಪತ್ರ ಬರೆದರು. ವಾಪಸ್ ಊರಿಗೆ ಹೋದಳು, ಮತ್ತೆ ಬಂದಳು, ಹ್ಯಾಟಿ ಕಾರ್ನೆಗಿಯ ಬಟ್ಟೆ ಅಂಗಡಿಯಲ್ಲಿ ಮಾಡೆಲ್ ಆದಳು, ಕೀಲುನೋವಿನ ಕಾಯಿಲೆ ಬಂದು ಬಹಳ ದಿನ ಮಲಗಿದಳು, ಎದ್ದಳು, ಸಿಗರೇಟು ಜಾಹೀರಾತಿನ ಹುಡುಗಿ ಆದಳು. 1933ರಲ್ಲಿ ‘ರೋಮನ್ ಸ್ಕ್ಯಾಂಡಲ್ಸ್’ ಸಿನಿಮಾದ ಕುಣಿಯುವ ಹುಡುಗಿಯರ ಗುಂಪಿಗೆ ಒಬ್ಬಳು ಬೇಕಾಗಿತ್ತು. ಹಾಗೆ ಹಾಲಿವುಡ್ ಸೇರಿದ್ದು.

ಅಲ್ಲಿಂದ ಶುರುವಾದ ಸಿನಿಮಾ ಬದುಕನ್ನು ಉದ್ದ ಹೇಳಿ ಪ್ರಯೋಜನ ಇಲ್ಲ, ಯಾಕೆಂದರೆ ಅದರಲ್ಲಿ ಏರುಪೇರೇ ಕಡಿಮೆ. ಆರ್‌ಕೆಓ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಗುತ್ತಿಗೆಯ ಕೆಲಸ. 1937ರ ‘ಸ್ಟೇಜ್ ಡೋರ್’ನಲ್ಲಿ ಕ್ಯಾಥರೀನ್ ಹೆಪ್‌ಬರ್ನ್, ಜಿಂಜರ್ ರಾಜರ್ಸ್ ಜೊತೆ ಸಣ್ಣ ಪಾತ್ರ ಸಿಕ್ಕಿತು, ಚುರುಕಾಗಿ ಮಾಡಿದಳು. 1942ರ ‘ದಿ ಬಿಗ್ ಸ್ಟ್ರೀಟ್’ನಲ್ಲಿ ಹೆನ್ರಿ ಫಾಂಡಾ ಜೊತೆ, ಕಾಲಿನ ಶಕ್ತಿ ಕಳೆದುಕೊಂಡರೂ ಸೊಕ್ಕು ಬಿಡದ ಗಾಯಕಿಯ ಪಾತ್ರ. ನನ್ನ ಪ್ರಕಾರ ಆಕೆಯ ಗಂಭೀರ ಪಾತ್ರಗಳಲ್ಲಿ ಅದೇ ಮೇಲು. ಆದರೂ ಪೇಟೆಯಲ್ಲಿ ಸಿಕ್ಕ ಬಿರುದು ‘ಬಿ ಸಿನಿಮಾಗಳ ರಾಣಿ’. ಎರಡು ಸಿನಿಮಾ ಒಂದೇ ಟಿಕೆಟ್ಟಿಗೆ ತೋರಿಸುತ್ತಿದ್ದ ಕಾಲ ಅದು. ದೊಡ್ಡ ಸಿನಿಮಾದ ಜೊತೆಗೆ ಹಾಕುವ ಕಡಿಮೆ ಖರ್ಚಿನದ್ದು ಬಿ ಸಿನಿಮಾ. ಬಿರುದು ಅಂದರೂ ಅಷ್ಟೇ, ಬೈಗುಳ ಅಂದರೂ ಅಷ್ಟೇ.

ಆಮೇಲೆ ಎಂಜಿಎಂ ಸ್ಟುಡಿಯೋ. ಅಲ್ಲಿ ಎರಡು ವಿಷಯ ನಡೆದವು. ಒಂದು, ಆಕೆಯ ಕಂದು ಕೂದಲಿಗೆ ಕೆಂಪು ಬಣ್ಣ ಬಂತು. ಆ ಬಣ್ಣ ಉಳಿಸಿಕೊಳ್ಳಲು ಜೀವನಪೂರ್ತಿ ಹಚ್ಚಿದ್ದು ಮದರಂಗಿ, ಹೌದು, ನಮ್ಮ ಗೋರಂಟಿ ಸೊಪ್ಪಿನ ಪುಡಿಯೇ. ತಮಾಷೆ ಏನೆಂದರೆ ಅಮೆರಿಕವೆಲ್ಲ ‘ಕೆಂಪು ಕೂದಲಿನ ಲೂಸಿ’ ಅಂತ ಕರೆದ ಆ ಹೆಂಗಸಿನ ಕೆಂಪು ಕೂದಲನ್ನು ಟಿವಿಯಲ್ಲಿ ಮೊದಲ ಹತ್ತು ವರ್ಷ ಯಾರೂ ನೋಡಿರಲೇ ಇಲ್ಲ. ಎಲ್ಲ ಕಪ್ಪುಬಿಳುಪು! ಎರಡನೆಯದು ಇನ್ನೂ ಮುಖ್ಯ. ಮೂಕಿ ಚಿತ್ರಗಳ ಮಹಾನ್ ಹಾಸ್ಯನಟ ಬಸ್ಟರ್ ಕೀಟನ್ ಆಗ ಎಂಜಿಎಂನಲ್ಲಿ ಕೇಳುವವರಿಲ್ಲದೆ ಒಂದು ಮೂಲೆಯಲ್ಲಿ ಕೆಲಸ ಮಾಡಿಕೊಂಡಿದ್ದ. ಇವಳಲ್ಲಿ ಏನೋ ಇದೆ ಅಂತ ಗುರುತಿಸಿದ ಕೆಲವೇ ಜನರಲ್ಲಿ ಅವನೂ ಒಬ್ಬ. ಕೈಗೆ ಸಿಕ್ಕ ವಸ್ತುವಿನ ಜೊತೆ ಹಾಸ್ಯ ಹೇಗೆ ಹುಟ್ಟಿಸಬೇಕು, ಅದನ್ನು ಮೊದಲು ಎಷ್ಟು ಪರೀಕ್ಷೆ ಮಾಡಿ ಇಟ್ಟುಕೊಳ್ಳಬೇಕು ಅನ್ನೋದನ್ನು ಅವನಿಂದ ಕಲಿತಳು.

ನಿಮ್ಮ ಚಾಕೊಲೇಟ್ ಕ್ಲಿಪ್ ಅನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಅದು ಆಕೆಯ ‘ಐ ಲವ್ ಲೂಸಿ’ ಎಂಬ ಟಿವಿ ಹಾಸ್ಯ ಸರಣಿಯದು, 1952ರ ಸೆಪ್ಟೆಂಬರ್‌ನಲ್ಲಿ ಪ್ರಸಾರವಾದ ಕಂತು. ಗಂಡಂದಿರು ಮನೆಗೆಲಸ ಮಾಡುವುದು, ಹೆಂಡತಿಯರು ಹೊರಗೆ ದುಡಿಯುವುದು ಅಂತ ಪಂಥ. ಲೂಸಿಲ್ ಆಡುವ ಲೂಸಿ ಮತ್ತು ಪಕ್ಕದ ಮನೆಯ ಎಥೆಲ್ ಚಾಕೊಲೇಟ್ ಸುತ್ತುವ ಕೆಲಸಕ್ಕೆ ನಿಲ್ಲುತ್ತಾರೆ. ಒಂದು ಚೂರು ಸುತ್ತದೆ ಮುಂದೆ ಹೋದರೂ ಕೆಲಸದಿಂದ ಕಿತ್ತು ಹಾಕುತ್ತೇನೆ ಅಂತ ಮೇಲ್ವಿಚಾರಕಿ ಗದರಿಸಿ ಹೋಗುತ್ತಾಳೆ. ಮೊದಲು ಬೆಲ್ಟ್ ನಿಧಾನ. ಇಬ್ಬರೂ ಆರಾಮಾಗಿ ಸುತ್ತುತ್ತಾರೆ, ‘ಇದೇನು ಮಹಾ’ ಅನ್ನುವ ಮುಖ. ಸ್ವಲ್ಪ ಜೋರಾಗುತ್ತದೆ. ಕೈ ಜೋರಾಗುತ್ತದೆ. ಇನ್ನೂ ಜೋರು. ಈಗ ಲೂಸಿ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ, ಆಮೇಲೆ ಇನ್ನೊಂದು, ಆಮೇಲೆ ಟೋಪಿಯೊಳಗೆ, ರವಿಕೆಯೊಳಗೆ. ಮೇಲ್ವಿಚಾರಕಿ ವಾಪಸ್ ಬಂದಾಗ ಬೆಲ್ಟ್ ಖಾಲಿ, ಇಬ್ಬರ ಕೆನ್ನೆಯೂ ಉಬ್ಬಿದೆ. ‘ಭೇಷ್’ ಅಂದವಳು ತಿರುಗಿ ಕೂಗುತ್ತಾಳೆ, ‘ಇನ್ನೂ ಜೋರಾಗಿ ಬಿಡ್ರೋ!’ ಅಂತ. ಆಗ ಲೂಸಿಯ ಕಣ್ಣು ನೋಡಬೇಕು. ಬಾಯಿ ತುಂಬಿರುವುದರಿಂದ ಮಾತಿಲ್ಲ, ಕೈ ಬಿಡುವಿಲ್ಲ, ಉಳಿದಿದ್ದು ಕಣ್ಣು ಮಾತ್ರ. ಇದು ಶುದ್ಧ ಮೂಕಿ ಚಿತ್ರದ ವಿದ್ಯೆ. ಇಂಗ್ಲಿಷ್ ಒಂದು ಪದ ಬಾರದ ಅಜ್ಜಿಯೂ ಅದನ್ನು ನೋಡಿ ನಗುವುದು ಅದಕ್ಕೇ.

ಇದೇ ಕಂತಿನಲ್ಲಿ ಲೂಸಿಯ ಪಕ್ಕ ಚಾಕೊಲೇಟ್ ಅದ್ದುತ್ತಾ ಕೂತಿರುವ ಹೆಂಗಸು ನಟಿಯಲ್ಲ. ನಿಜವಾಗಿಯೂ ಮಿಠಾಯಿ ಅಂಗಡಿಯಲ್ಲಿ ಅದೇ ಕೆಲಸ ಮಾಡುತ್ತಿದ್ದವಳು. ಅವಳ ಮುಖದಲ್ಲಿ ನಗುವಿನ ಸುಳಿವೇ ಇಲ್ಲ ನೋಡಿ, ಅವಳಿಗೆ ಅದು ದಿನದ ಕೆಲಸ. ಲೂಸಿಯ ಆಟ ಎದ್ದು ಕಾಣಲು ಅದೂ ಒಂದು ಕಾರಣ.

ಸರಿ, ಟಿವಿಗೆ ಬಂದ ಕಥೆಗೆ ಬರೋಣ. ಇಲ್ಲಿ ಡೆಸಿ ಅರ್ನಾಜ್ ಬರಬೇಕು. ಕ್ಯೂಬಾದ ಸಾಂಟಿಯಾಗೊ ನಗರದ ಮೇಯರ್ ಮಗ. 1933ರ ಕ್ರಾಂತಿಯಲ್ಲಿ ಆಸ್ತಿಪಾಸ್ತಿ ಎಲ್ಲ ಹೋಗಿ ಮಯಾಮಿಗೆ ಬಂದು ಬಿದ್ದ ಕುಟುಂಬ. ಆತ ಡೋಲು ಬಾರಿಸಿ, ಹಾಡಿ, ಸ್ವಂತ ಬ್ಯಾಂಡ್ ಕಟ್ಟಿದ. 1940ರಲ್ಲಿ ‘ಟೂ ಮೆನಿ ಗರ್ಲ್ಸ್’ ಸಿನಿಮಾದ ಹೊತ್ತಿಗೆ ಭೇಟಿ, ಅದೇ ವರ್ಷ ನವೆಂಬರ್ 30ಕ್ಕೆ ಮದುವೆ. ಅವನು ಆಕೆಗಿಂತ ಸುಮಾರು ಆರು ವರ್ಷ ಚಿಕ್ಕವನು. ಮದುವೆಯ ಮೊದಲ ಹತ್ತು ವರ್ಷ ಅವನು ಬ್ಯಾಂಡ್ ಕಟ್ಟಿಕೊಂಡು ಊರೂರು ತಿರುಗಿದ, ಅವಳು ಹಾಲಿವುಡ್‌ನಲ್ಲಿ ಶೂಟಿಂಗ್ ಮಾಡಿದಳು. ಆತನಿಗೆ ಹೆಣ್ಣಿನ ಚಟವೂ ಇತ್ತು, ಕುಡಿತವೂ ಇತ್ತು. ಸಂಸಾರ ಮುರಿಯುವ ಹಂತಕ್ಕೆ ಬಂದಿತ್ತು.

1948ರಿಂದ ಲೂಸಿ ಸಿಬಿಎಸ್ ರೇಡಿಯೋದಲ್ಲಿ ಗಂಡ ಹೆಂಡತಿಯ ಹಾಸ್ಯ ಸರಣಿ ಮಾಡುತ್ತಿದ್ದಳು. ಮುಂದೆ ಆಕೆಯ ಟಿವಿ ಕಂತುಗಳನ್ನು ಬರೆದ ಜೆಸ್ ಒಪನ್‌ಹೈಮರ್, ಮ್ಯಾಡ್ಲಿನ್ ಪ್ಯೂ, ಬಾಬ್ ಕ್ಯಾರಲ್ ಮೂವರೂ ಅಲ್ಲೇ ಸಿಕ್ಕಿದ್ದು. ಇದನ್ನೇ ಟಿವಿಗೆ ಮಾಡಿ ಅಂತ ಸಿಬಿಎಸ್ ಕೇಳಿತು. ಮಾಡ್ತೀನಿ, ಆದರೆ ಗಂಡನ ಪಾತ್ರಕ್ಕೆ ನನ್ನ ಗಂಡನೇ ಬೇಕು ಅಂದಳು. ಆಗಲಾದರೂ ಅವನು ಮನೆಯಲ್ಲಿರುತ್ತಾನಲ್ಲ! ಕಂಪನಿಯವರು ಒಪ್ಪಲಿಲ್ಲ. ಬಿಳಿ ಅಮೆರಿಕನ್ ಹೆಂಗಸಿಗೆ ಉಚ್ಚಾರಣೆ ಸರಿಯಿಲ್ಲದ ಕ್ಯೂಬಾದವನು ಗಂಡ ಅಂದರೆ ಜನ ನಂಬಲ್ಲ ಅನ್ನೋದು ಅವರ ವಾದ. ಅಷ್ಟೊತ್ತಿಗೆ ನಿಜವಾಗಿ ಮದುವೆಯಾಗಿ ಹತ್ತು ವರ್ಷ ಆಗಿತ್ತು. ಇಬ್ಬರೂ 1950ರಲ್ಲಿ ‘ಡೆಸಿಲು’ ಅಂತ ತಮ್ಮ ಹೆಸರು ಸೇರಿಸಿ ಕಂಪನಿ ಮಾಡಿಕೊಂಡು, ನಾಟಕದ ಥಿಯೇಟರುಗಳಲ್ಲಿ ಒಟ್ಟಿಗೆ ಪ್ರದರ್ಶನ ಕೊಟ್ಟರು. ಪೆಪಿಟೋ ಅನ್ನುವ ಸ್ಪೇನಿನ ವಿದೂಷಕ ಅದಕ್ಕೆ ಅಂತಲೇ ಒಂದು ಮಾಯಾ ಚೆಲ್ಲೋ ವಾದ್ಯ ಮಾಡಿಕೊಟ್ಟಿದ್ದ, ಅದರೊಳಗಿಂದ ಏನೇನೋ ಹೊರಬರುತ್ತಿತ್ತು. ಜನ ಬಿದ್ದು ಬಿದ್ದು ನಕ್ಕರು. ಸಿಬಿಎಸ್ ಒಪ್ಪಿತು.

ಇಲ್ಲಿಂದ ಮುಂದಿನ ಭಾಗ ನನಗೆ ಬಲು ಇಷ್ಟ.

ಆಗ ಟಿವಿ ಕಾರ್ಯಕ್ರಮ ಅಂದರೆ ನ್ಯೂಯಾರ್ಕ್‌ನಿಂದ ನೇರ ಪ್ರಸಾರ. ಟಿವಿ ಸೆಟ್ಟುಗಳು ಜಾಸ್ತಿ ಇದ್ದದ್ದು ಪೂರ್ವದ ಕಡೆ. ಪಶ್ಚಿಮದವರಿಗೆ ಟಿವಿ ಪರದೆಯ ಮುಂದೆಯೇ ಕ್ಯಾಮೆರಾ ಇಟ್ಟು ತೆಗೆದ ಮಸುಕು ಫಿಲಂ ಕಳಿಸುತ್ತಿದ್ದರು. ಜಾಹೀರಾತು ಕೊಡುತ್ತಿದ್ದ ಫಿಲಿಪ್ ಮಾರಿಸ್ ಸಿಗರೇಟು ಕಂಪನಿಗೆ ಸಹಜವಾಗಿ ಪೂರ್ವದವರಿಗೇ ಒಳ್ಳೆ ಚಿತ್ರ ಬೇಕು, ಆದ್ದರಿಂದ ನ್ಯೂಯಾರ್ಕ್‌ಗೆ ಬನ್ನಿ ಅಂದರು. ದಂಪತಿಗೆ ಕ್ಯಾಲಿಫೋರ್ನಿಯಾ ಬಿಡಲು ಮನಸ್ಸಿಲ್ಲ, ಮೊದಲ ಮಗು ಬೇರೆ ಹುಟ್ಟುವುದರಲ್ಲಿತ್ತು. ಹಾಗಾದರೆ ಹಾಲಿವುಡ್‌ನಲ್ಲೇ ಸಿನಿಮಾದ ಹಾಗೆ 35 ಎಂಎಂ ಫಿಲಂ ಮೇಲೆ ತೆಗೆದು ಎಲ್ಲರಿಗೂ ಒಂದೇ ಗುಣಮಟ್ಟದ್ದು ಕಳಿಸ್ತೀವಿ ಅಂದ ಡೆಸಿ. ಖರ್ಚು ಜಾಸ್ತಿ ಆಗುತ್ತೆ ಅಂತ ತಕರಾರು ಬಂತು. ನಮ್ಮ ಸಂಬಳ ಕಡಿಮೆ ಮಾಡಿ, ಆದರೆ ಪ್ರಸಾರ ಆದ ಮೇಲೆ ಫಿಲಂ ನಮ್ಮದು ಅಂದ. ಒಂದು ಸಲ ಪ್ರಸಾರವಾದ ಕಾರ್ಯಕ್ರಮ ಯಾರಿಗೆ ಬೇಕು, ರದ್ದಿ ಪೇಪರ್ ತಾನೇ ಅಂತ ಅವರೂ ಒಪ್ಪಿಬಿಟ್ಟರು.

ಇನ್ನೊಂದು ತೊಡಕು ಉಳಿದಿತ್ತು. ಎದುರಿಗೆ ಜನ ಇಲ್ಲದಿದ್ದರೆ ಲೂಸಿಯ ಹಾಸ್ಯ ಸಪ್ಪೆ. ಅದಕ್ಕೆ ಸುಮಾರು ಮುನ್ನೂರು ಜನರನ್ನು ಸ್ಟುಡಿಯೋದಲ್ಲಿ ಕೂರಿಸಿ, ಮೂರು ಫಿಲಂ ಕ್ಯಾಮೆರಾ ಒಟ್ಟಿಗೆ ಓಡಿಸಿ, ನಾಟಕದ ಹಾಗೆ ಮೊದಲಿನಿಂದ ಕೊನೆಯವರೆಗೆ ಆಡಿದರು. ಮೂರು ಕ್ಯಾಮೆರಾ ಬೇರೆ ಬೇರೆ ಕೋನದಿಂದ ನೋಡುವಾಗ ಬೆಳಕು ಎಲ್ಲಕ್ಕೂ ಸರಿಹೊಂದಬೇಕಲ್ವಾ? ಸಿನಿಮಾದಲ್ಲಿ ಆದರೆ ಪ್ರತಿ ಶಾಟ್‌ಗೂ ಲೈಟು ಬದಲಿಸಬಹುದು, ಇಲ್ಲಿ ಆಗಲ್ಲ. ಅದಕ್ಕೆ ಕರೆಸಿದ್ದು ಕಾರ್ಲ್ ಫ್ರಾಯಿಂಡ್‌ನನ್ನು. ಜರ್ಮನಿಯ ಹೆಸರಾಂತ ಮೂಕಿ ಚಿತ್ರ ‘ಮೆಟ್ರೊಪೊಲಿಸ್’ಗೆ ಕ್ಯಾಮೆರಾ ಹಿಡಿದಿದ್ದ ಘಟಾನುಘಟಿ. ಅವನು ಲೈಟುಗಳನ್ನು ಮೇಲಿನಿಂದ ತೂಗುಹಾಕಿಸಿ ಎಲ್ಲ ಕಡೆ ಸಮ ಬೆಳಕು ಬೀಳುವಂತೆ ಮಾಡಿದ, ಸೆಟ್ಟಿನ ಗೋಡೆಗೆ ಬೂದು ಬಣ್ಣದ ಬೇರೆ ಬೇರೆ ಛಾಯೆ ಬಳಿಸಿದ. ಹಲವು ಕ್ಯಾಮೆರಾ ಇಟ್ಟು ಫಿಲಂನಲ್ಲಿ ತೆಗೆಯುವುದನ್ನು ಇವರೇ ಮೊದಲು ಕಂಡುಹಿಡಿದರು ಅಂತ ಬಹಳ ಕಡೆ ಬರೆದಿರುತ್ತಾರೆ, ಅದು ಸರಿಯಲ್ಲ, ಮೊದಲೂ ಒಂದಿಬ್ಬರು ಪ್ರಯತ್ನಿಸಿದ್ದರು. ಆದರೆ ಅದನ್ನು ಪಳಗಿಸಿ, ವಾರ ವಾರ ನಡೆಯುವ ಹಾಸ್ಯ ಸರಣಿಗೆ ಇದೇ ದಾರಿ ಅಂತ ಮಾಡಿ ತೋರಿಸಿದ್ದು ಇವರು.

‘ಐ ಲವ್ ಲೂಸಿ’ 1951ರ ಅಕ್ಟೋಬರ್ 15ರ ಸೋಮವಾರ ರಾತ್ರಿ ಶುರುವಾಯಿತು. ಲೂಸಿಗೆ ಆಗ ನಲವತ್ತು. ನಾಯಕಿಯರನ್ನು ಹಾಲಿವುಡ್ ಅಮ್ಮನ ಪಾತ್ರಕ್ಕೆ ತಳ್ಳುವ ವಯಸ್ಸು! ಆರು ವರ್ಷ ನಡೆಯಿತು, ಅದರಲ್ಲಿ ನಾಲ್ಕು ವರ್ಷ ದೇಶದಲ್ಲೇ ಮೊದಲ ಸ್ಥಾನ. ಪಕ್ಕದ ಮನೆಯ ಎಥೆಲ್ ಆಗಿ ವಿವಿಯನ್ ವ್ಯಾನ್ಸ್, ಅವಳ ಗಂಡ ಫ್ರೆಡ್ ಆಗಿ ವಿಲಿಯಂ ಫ್ರಾಲಿ. ಇವರಿಬ್ಬರಿಗೂ ನಿಜ ಜೀವನದಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ತನಗಿಂತ 22 ವರ್ಷ ದೊಡ್ಡವನಿಗೆ ಹೆಂಡತಿಯಾಗಬೇಕಲ್ಲ ಅಂತ ವ್ಯಾನ್ಸ್‌ಗೆ ಸಿಟ್ಟು. ಪರದೆಯ ಮೇಲಿನ ಆ ಕಿರಿಕಿರಿ ಅಷ್ಟು ಚೆನ್ನಾಗಿ ಕಾಣುವುದಕ್ಕೆ ಇದೂ ಕಾರಣ ಇರಬಹುದು.

1952ರಲ್ಲಿ ಲೂಸಿ ಮತ್ತೆ ಬಸುರಿ. ಜಾಹೀರಾತಿನವರು ಹೊಟ್ಟೆಯನ್ನು ಕುರ್ಚಿಯ ಹಿಂದೆ ಮುಚ್ಚಿಡಿ ಅಂದರು. ಡೆಸಿ ನೇರ ಸಿಗರೇಟು ಕಂಪನಿಯ ಮುಖ್ಯಸ್ಥನಿಗೇ ಪತ್ರ ಬರೆದ, ಆಮೇಲೆ ಯಾರೂ ಉಸಿರೆತ್ತಲಿಲ್ಲ. ಬಸುರಿಯನ್ನು ಅಮೆರಿಕದ ಟಿವಿಯಲ್ಲಿ ತೋರಿಸಿದ್ದು ಇದೇ ಮೊದಲಲ್ಲ, ಆದರೆ ಇಷ್ಟು ಜನ ನೋಡಿದ್ದು ಇದೇ ಮೊದಲು. ಸಂಭಾಷಣೆಯಲ್ಲಿ ‘ಬಸುರಿ’ ಅನ್ನುವ ಮಾತು ಮಾತ್ರ ಬರಕೂಡದು ಅಂತಾಯಿತು. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ, ಒಬ್ಬ ಯಹೂದಿ ರಬ್ಬಿ, ಮೂವರೂ ಕೂತು ಪ್ರತಿ ಕಂತು ಓದಿ ಒಪ್ಪಿಗೆ ಕೊಟ್ಟರು. 1953ರ ಜನವರಿ 19ರಂದು ಬೆಳಿಗ್ಗೆ ಸಿಸೇರಿಯನ್ ಆಗಿ ಗಂಡು ಮಗು ಹುಟ್ಟಿತು. ಅದೇ ರಾತ್ರಿ ಟಿವಿಯ ಲೂಸಿಗೂ ಗಂಡು ಮಗು. ಆ ಕಂತು ಶೂಟ್ ಆಗಿ ಆಗಲೇ ಎರಡು ತಿಂಗಳಾಗಿತ್ತು! ಸುಮಾರು 4 ಕೋಟಿ 40 ಲಕ್ಷ ಜನ ನೋಡಿದರು. ಮರುದಿನ ಐಸೆನ್‌ಹೋವರ್ ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಂಡಾಗ ನೋಡಿದವರು ಇದಕ್ಕಿಂತ ಒಂದೂವರೆ ಕೋಟಿ ಕಡಿಮೆ.

ಬಾಣಂತನದ ಆ ದಿನಗಳಲ್ಲಿ ಹಳೆಯ ಕಂತುಗಳನ್ನೇ ಮತ್ತೆ ಹಾಕಿದರು. ಜನ ಮತ್ತೆ ನೋಡಿದರು. ಮರುಪ್ರಸಾರ ಅನ್ನುವ ವ್ಯಾಪಾರ ಬೇರು ಬಿಟ್ಟದ್ದು ಹೀಗೆ. ರದ್ದಿ ಅಂತ ಬಿಟ್ಟುಕೊಟ್ಟ ಫಿಲಂ ಡಬ್ಬಿಗಳನ್ನು ಮುಂದೆ ಸಿಬಿಎಸ್ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡಿತು. 1957ರಲ್ಲಿ ದಂಪತಿ ಸುಮಾರು 61 ಲಕ್ಷ ಡಾಲರಿಗೆ ಆರ್‌ಕೆಓ ಸ್ಟುಡಿಯೋವನ್ನೇ ಖರೀದಿಸಿದರು. ಹೌದು, ಆಕೆ ಗುತ್ತಿಗೆಯಲ್ಲಿ ದುಡಿದಿದ್ದ ಅದೇ ಆರ್‌ಕೆಓ.

ಅಜ್ಜನ ವಿಷಯ ಹೇಳ್ತೀನಿ ಅಂದಿದ್ದೆ. 1936ರಲ್ಲಿ ಮುದುಕನ ಮನಸ್ಸು ನೋಯಿಸಬಾರದು ಅಂತ ಮನೆಯವರೆಲ್ಲ ಮತದಾರರ ಪಟ್ಟಿಯಲ್ಲಿ ಕಮ್ಯುನಿಸ್ಟ್ ಪಕ್ಷದ ಹೆಸರು ಬರೆಸಿದ್ದರು. 1953ರ ಸೆಪ್ಟೆಂಬರ್‌ನಲ್ಲಿ, ಕಮ್ಯುನಿಸ್ಟ್ ಬೇಟೆ ಜೋರಾಗಿದ್ದಾಗ, ಅದು ಹೊರಬಂತು. ಸಂಸತ್ತಿನ ಸಮಿತಿಯ ತನಿಖಾಧಿಕಾರಿಯ ಮುಂದೆ ಆಕೆ ಹೇಳಿಕೆ ಕೊಟ್ಟಳು. ಮುಂದಿನ ಶೂಟಿಂಗ್ ದಿನ ಡೆಸಿ ಜನರ ಮುಂದೆ ನಿಂತು, ಲೂಸಿಯಲ್ಲಿ ಕೆಂಪು ಅಂತ ಇರುವುದು ಕೂದಲೊಂದೇ, ಅದೂ ಅಸಲಿ ಅಲ್ಲ ಅಂದ. ಜನ ಚಪ್ಪಾಳೆ ತಟ್ಟಿದರು, ಗಂಡಾಂತರ ಕಳೆಯಿತು. ಒಳ್ಳೆ ಮಾತು, ಆದರೆ ಬರೀ ಮಾತಿನಿಂದ ಬಚಾವಾದಳು ಅಂತ ನಾನು ನಂಬುವುದಿಲ್ಲ. ಆಕೆಯ ಹಿಂದೆ ದೇಶದ ನಂಬರ್ ಒನ್ ಕಾರ್ಯಕ್ರಮ ಇತ್ತು, ಸಿಗರೇಟು ಕಂಪನಿಯ ಹಣ ಇತ್ತು. ಅದೇ ಕಾಲದಲ್ಲಿ ಇಷ್ಟೇ ಸಣ್ಣ ಕಾರಣಕ್ಕೆ ಕೆಲಸ ಕಳೆದುಕೊಂಡ ಸಣ್ಣ ಪುಟ್ಟ ನಟರು ಎಷ್ಟೋ ಮಂದಿ.

ಸಂಸಾರ ಉಳಿಸಿಕೊಳ್ಳಲು ಶುರುಮಾಡಿದ ಕಾರ್ಯಕ್ರಮ ಸಂಸಾರವನ್ನು ಉಳಿಸಲಿಲ್ಲ. ಇಬ್ಬರೂ ಕೂಡಿ ಮಾಡಿದ ಕೊನೆಯ ಕಂತಿನ ಶೂಟಿಂಗ್ 1960ರ ಮಾರ್ಚ್ 2ಕ್ಕೆ ಮುಗಿಯಿತು, ಅದು ಡೆಸಿಯ ಹುಟ್ಟುಹಬ್ಬ. ಮರುದಿನವೇ ವಿಚ್ಛೇದನದ ಅರ್ಜಿ. ಮುಂದಿನ ವರ್ಷ ಗ್ಯಾರಿ ಮಾರ್ಟನ್ ಎಂಬ ಹಾಸ್ಯನಟನನ್ನು ಮದುವೆಯಾದಳು. 1962ರಲ್ಲಿ ಡೆಸಿಯ ಪಾಲನ್ನೂ ಕೊಂಡು ಡೆಸಿಲುವಿನ ಮುಖ್ಯಸ್ಥೆಯಾದಳು. ದೊಡ್ಡ ಟಿವಿ ಸ್ಟುಡಿಯೋ ಒಂದನ್ನು ಹೆಂಗಸೊಬ್ಬಳು ನಡೆಸಿದ್ದು ಅದೇ ಮೊದಲು.

ಈಗ ನಿಮ್ಮ ‘ಸ್ಟಾರ್ ಟ್ರೆಕ್’. ಆಕೆ ಕಥೆ ಬರೆಯಲಿಲ್ಲ, ನಟಿಸಲಿಲ್ಲ, ಬಾಹ್ಯಾಕಾಶದ ಮೇಲೆ ಆಕೆಗೆ ವಿಶೇಷ ಆಸಕ್ತಿಯೂ ಇರಲಿಲ್ಲ. ಕಲ್ಪನೆ ಜೀನ್ ರಾಡನ್‌ಬೆರಿಯದು, ಸ್ಟುಡಿಯೋ ಆಕೆಯದು. ಅವನು ಮಾಡಿದ ಮೊದಲ ಪರೀಕ್ಷಾ ಕಂತನ್ನು ಟಿವಿ ಚಾನೆಲ್ ಎನ್‌ಬಿಸಿ ತಿರಸ್ಕರಿಸಿತು, ಆದರೆ ಇನ್ನೊಂದು ಮಾಡಿ ತೋರಿಸಿ ಅಂದಿತು. ಇಷ್ಟು ದುಬಾರಿ ಸರಣಿ ನಮ್ಮ ಕಂಪನಿಯನ್ನೇ ಮುಳುಗಿಸುತ್ತೆ ಅಂತ ಡೆಸಿಲುವಿನ ಆಡಳಿತ ಮಂಡಳಿ ಹೆದರಿತ್ತು. ಲೂಸಿ ಮಾಡಿ ಅಂದಳು. 1966ರ ಸೆಪ್ಟೆಂಬರ್‌ನಲ್ಲಿ ಅದು ಪ್ರಸಾರಕ್ಕೆ ಬಂತು, ಅದೇ ತಿಂಗಳು ಡೆಸಿಲುವಿನದೇ ‘ಮಿಷನ್ ಇಂಪಾಸಿಬಲ್’ ಕೂಡ. ಆದ್ದರಿಂದ ಆಕೆಯಿಂದಲೇ ಬಂತು ಅನ್ನೋದು ದೊಡ್ಡ ಮಾತಾಯಿತು, ಆಕೆ ಬೇಡ ಅಂದಿದ್ದರೆ ಡೆಸಿಲುವಿನಲ್ಲಿ ಅದು ಅಲ್ಲಿಗೇ ನಿಲ್ಲುತ್ತಿತ್ತು ಅನ್ನೋದು ಸರಿ. ಮಂಡಳಿಯ ಹೆದರಿಕೆಯೂ ಸುಳ್ಳಲ್ಲ, ಖರ್ಚು ನಿಜಕ್ಕೂ ಕೈಮೀರಿತ್ತು. 1967ರಲ್ಲಿ ಡೆಸಿಲುವನ್ನು 1 ಕೋಟಿ 70 ಲಕ್ಷ ಡಾಲರಿಗೆ ಗಲ್ಫ್ ಅಂಡ್ ವೆಸ್ಟರ್ನ್ ಕಂಪನಿಗೆ ಮಾರಿದಳು. ಡೆಸಿಲುವೇ ಮುಂದೆ ಆ ಕಂಪನಿಯ ಕೈಯಲ್ಲಿದ್ದ ಪ್ಯಾರಮೌಂಟ್ ಸ್ಟುಡಿಯೋದ ಟಿವಿ ವಿಭಾಗ ಆಯಿತು.

ಒಂದು ಮಾತು ಸೇರಿಸಲೇಬೇಕು. ಈಗಿನವರು ಬರೆಯುವಾಗ ಎಲ್ಲ ಜಾಣತನವನ್ನೂ ಲೂಸಿಗೇ ಕೊಟ್ಟು ಡೆಸಿಯನ್ನು ಬರೀ ಕುಡುಕ ಗಂಡ ಮಾಡಿಬಿಡುತ್ತಾರೆ. ಫಿಲಂ ಹಕ್ಕು ಕೇಳಿದ್ದು, ಮೂರು ಕ್ಯಾಮೆರಾ ವ್ಯವಸ್ಥೆಗೆ ಜನ ಕೂಡಿಸಿದ್ದು, ಲೆಕ್ಕಾಚಾರ ನೋಡಿದ್ದು ಅವನು. ಗಂಡನಾಗಿ ಅವನು ಹೇಗಿದ್ದ ಅನ್ನೋದು ಬೇರೆ ಪ್ರಶ್ನೆ. ಆಕೆಯ ಪಾಲಿನ ಜಾಣತನ ರಿಹರ್ಸಲ್‌ನಲ್ಲಿತ್ತು. ತಟ್ಟನೆ ಹೊಳೆದದ್ದನ್ನು ಮಾಡುವ ಜಾತಿಯ ನಟಿ ಆಕೆ ಅಲ್ಲ, ಬಿದ್ದದ್ದೂ ಎದ್ದದ್ದೂ ಎಲ್ಲ ತಾಲೀಮು.

ಆಮೇಲಿನ ವರ್ಷಗಳು ಬೇಗ ಹೇಳಿ ಮುಗಿಸಬಹುದು. 1962ರಿಂದ 1974ರವರೆಗೆ ಒಂದಾದ ಮೇಲೆ ಒಂದು, ಎರಡು ಸರಣಿ ಯಶಸ್ವಿಯಾಗಿ ನಡೆದವು, ಎರಡನೆಯದರಲ್ಲಿ ಸ್ವಂತ ಮಕ್ಕಳೂ ನಟಿಸಿದರು. ನಟನೆಗೆ ನಾಲ್ಕು ಸಲ ಎಮ್ಮಿ, ಅಂದರೆ ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿ. 1974ರ ‘ಮೇಮ್’ ಸಿನಿಮಾ ಸರಿಹೋಗಲಿಲ್ಲ. 1985ರಲ್ಲಿ ಬೀದಿಯಲ್ಲಿ ಬದುಕುವ ಮುದುಕಿಯಾಗಿ ಒಂದು ಟಿವಿ ಚಿತ್ರ ಮಾಡಿದಳು. 1986ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಮತ್ತೆ ಹಳೆಯ ಓಡಾಟ ಬೀಳಾಟದ ಲೂಸಿಯಾಗಲು ಹೋದಳು. ನಗುವ ಬದಲು ಜನಕ್ಕೆ ಎಲ್ಲಿ ಪೆಟ್ಟಾಗುತ್ತೋ ಅಂತ ಭಯ. ಎಂಟೇ ಕಂತಿಗೆ ಚಾನೆಲ್ ನಿಲ್ಲಿಸಿತು. ಅದೇ ಡಿಸೆಂಬರ್ 2ಕ್ಕೆ ಡೆಸಿ ತೀರಿಕೊಂಡ. ಕೆಲವೇ ದಿನಗಳ ನಂತರ ವಾಷಿಂಗ್ಟನ್‌ನಲ್ಲಿ ಆಕೆಗೆ ಕೆನಡಿ ಸೆಂಟರ್ ಗೌರವ. ಅವನು ಸಾಯುವ ಮೊದಲು ಬರೆದಿಟ್ಟಿದ್ದ ಮಾತುಗಳನ್ನು ಅಲ್ಲಿ ಓದಿದರು. 1989ರ ಏಪ್ರಿಲ್ 26ರಂದು ಮಹಾಧಮನಿ ಒಡೆದು ಲೂಸಿ ತೀರಿಕೊಂಡಳು, 77 ವರ್ಷ.

ಎಲ್ಲಿಂದ ನೋಡಲು ಶುರುಮಾಡಬೇಕು ಅಂದರೆ ನೇರ ಚಾಕೊಲೇಟ್ ಕಂತು ಪೂರ್ತಿ ನೋಡಿ, ಕ್ಲಿಪ್ ಅಲ್ಲ. ಗಂಡಂದಿರು ಅಡುಗೆಮನೆಯಲ್ಲಿ ಅನ್ನ ಉಕ್ಕಿಸಿಕೊಂಡು ಒದ್ದಾಡುವ ಭಾಗ ಕ್ಲಿಪ್ಪಿನಲ್ಲಿ ಇರುವುದಿಲ್ಲ. ಆಮೇಲೆ 1955ರಲ್ಲಿ ಹಾಸ್ಯನಟ ಹಾರ್ಪೋ ಮಾರ್ಕ್ಸ್ ಎದುರು ಕನ್ನಡಿಯ ಪ್ರತಿಬಿಂಬದಂತೆ ನಟಿಸುವ ಕಂತು, ಆಮೇಲೆ ಇಟಲಿಯಲ್ಲಿ ದ್ರಾಕ್ಷಿ ತುಳಿಯಲು ಹೋಗಿ ಜಗಳವಾಡುವ 1956ರ ಕಂತು. ಈ ಮೂರು ಹಿಡಿಸಿದರೆ ‘ದಿ ಬಿಗ್ ಸ್ಟ್ರೀಟ್’ ನೋಡಿ, ಸಿನಿಮಾದವರು ಕೈಯಲ್ಲಿದ್ದದ್ದನ್ನು ಹೇಗೆ ಬಿಟ್ಟರು ಅಂತ ನಿಮಗೇ ಗೊತ್ತಾಗುತ್ತದೆ. 1986ರ ಸರಣಿಯನ್ನು ಮಾತ್ರ ಹುಡುಕಿಕೊಂಡು ಹೋಗಬೇಡಿ.